ಆತಿಥೇಯ ಗಣಕದ ಡೇಟಾಬೇಸ್‌ಗೆ ಸಂಪರ್ಕ: ಜಾಲದ ವಿವರಗಳನ್ನು ಕಂಡುಕೊಳ್ಳುವ ಕ್ರಮ

(ಗಣಕಯಂತ್ರ ನಿರ್ವಾಹಕರು, ವಿಷಯ ನಿರ್ವಾಹಕರು ಹಾಗೂ ಶಾಖಾ ಮುಖ್ಯಸ್ಥರ ಉಪಯೋಗಕ್ಕಾಗಿ ಅಭ್ಯಾಸ ಪಾಠ)

ಪೀಠಿಕೆ

ತಾಲ್ಲೂಕು ಮಟ್ಟದ ಒಂದು ಕಚೇರಿಯ ಟಪಾಲು ಶಾಖೆಯನ್ನು ಉದಾಹರಣೆಯಾಗಿ ಭಾವಿಸಿಕೊಳ್ಳಬಹುದು. ಸ್ವೀಕೃತವಾದ ಪ್ರತಿಯೊಂದು ಅರ್ಜಿಗೂ ಒಂದು ಸಂಖ್ಯೆ ನೀಡಿ, ಅದು ಯಾವ ವಿಷಯ ನಿರ್ವಾಹಕರ ಮೇಜಿಗೆ ಹೋಯಿತೆಂಬುದನ್ನು ಗಣಕದಲ್ಲಿ ದಾಖಲಿಸುವ ಪದ್ಧತಿ ಅಲ್ಲಿದೆ. ದಾಖಲೆಗಳೆಲ್ಲವೂ ಒಂದೇ ಗಣಕದಲ್ಲಿವೆ. ಉಳಿದ ನಾಲ್ಕು ಗಣಕಗಳು ಕಚೇರಿಯ ಜಾಲದ ಮೂಲಕ ಅದನ್ನೇ ಓದುತ್ತವೆ, ಅದರಲ್ಲೇ ಬರೆಯುತ್ತವೆ. ಒಂದು ರಾತ್ರಿ ವಿದ್ಯುತ್ ನಿಲುಗಡೆಯಾಗಿ, ಬೆಳಿಗ್ಗೆ ಎಲ್ಲವನ್ನೂ ಮತ್ತೆ ಚಾಲನೆಗೊಳಿಸಿದಾಗ ನಾಲ್ಕೂ ಗಣಕಗಳಲ್ಲಿ ‘ಸರ್ವರ್ ಸಂಪರ್ಕ ಸಾಧ್ಯವಾಗಿಲ್ಲ’ ಎಂಬ ಅರ್ಥದ ಸಂದೇಶ ಕಾಣಿಸಿಕೊಳ್ಳುತ್ತದೆ. ಕುಡಿಯುವ ನೀರಿನ ಕುರಿತು ಹತ್ತು ದಿನಗಳ ಹಿಂದೆ ಅರ್ಜಿ ಸಲ್ಲಿಸಿದ್ದ ಗ್ರಾಮಸ್ಥರು ಅದರ ಸ್ಥಿತಿಗತಿ ವಿಚಾರಿಸಲು ಕಿಟಕಿಯ ಮುಂದೆ ನಿಂತಿದ್ದಾರೆ.

ಇಂತಹ ಗಳಿಗೆಯಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳು ಜರುಗುತ್ತವೆ. ಮೊದಲನೆಯದು, ‘ಸದ್ಯಕ್ಕಿರಲಿ’ ಎಂದು ಪ್ರತಿಯೊಬ್ಬರೂ ತಮ್ಮ ತಮ್ಮ ಗಣಕದಲ್ಲಿ ಪ್ರತ್ಯೇಕ ಎಕ್ಸೆಲ್ ಪಟ್ಟಿಯನ್ನು ಆರಂಭಿಸುವುದು. ಸಂಜೆಯ ವೇಳೆಗೆ ಒಂದೇ ಟಪಾಲು ಸಂಖ್ಯೆ ಎರಡು ಅರ್ಜಿಗಳಿಗೆ ಬಿದ್ದಿರುತ್ತದೆ. ಮುಂದೆ ಆ ಎರಡರಲ್ಲಿ ಒಂದು ಅರ್ಜಿ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುವ ಸಂಭವವಿರುತ್ತದೆ. ಎರಡನೆಯದು, ದಾಖಲೆಗಳಿರುವ ಗಣಕದ ಫೈರ್‌ವಾಲ್‌ ಅನ್ನು ಸಂಪೂರ್ಣವಾಗಿ ಆರಿಸಿಬಿಡುವುದು. ಕೆಲಸ ನಡೆಯಬಹುದು, ಆದರೆ ಕಾವಲುಗಾರನನ್ನೇ ಮನೆಗೆ ಕಳುಹಿಸಿ ಕಪಾಟಿನ ಬೀಗ ತೆಗೆದಿಟ್ಟಂತಾಗುತ್ತದೆ.

ಗೊತ್ತುಪಡಿಸಿದ ಅವಧಿಯೊಳಗೆ ಸೇವೆ ಒದಗಿಸಬೇಕೆಂಬ ಹೊಣೆಯನ್ನು 2011ರ ಸಕಾಲ ಅಧಿನಿಯಮವು ಕಚೇರಿಗಳ ಮೇಲೆ ಇರಿಸಿದೆ. ಸಂಪರ್ಕ ಕಡಿದುಹೋದ ಪ್ರತಿಯೊಂದು ಗಂಟೆಯೂ ಆ ಅವಧಿಯಿಂದಲೇ ಕಳೆಯುತ್ತದೆ. ಆದುದರಿಂದ ತಂತ್ರಜ್ಞರು ಬರುವವರೆಗೆ ಕಾಯದೆ, ಕಚೇರಿಯ ಸಿಬ್ಬಂದಿಯೇ ಜಾಲದ ವಿವರಗಳನ್ನು ಕಂಡುಹಿಡಿದು ಸಂಪರ್ಕವನ್ನು ಸರಿಪಡಿಸಿಕೊಳ್ಳುವಂತಾಗಬೇಕೆಂಬುದು ಈ ಪಾಠದ ಉದ್ದೇಶ.

1. ಪಾಠದ ವ್ಯಾಪ್ತಿ

ಪಂಚತಂತ್ರ, ಇ-ಸ್ವತ್ತು ಮೊದಲಾದ ರಾಜ್ಯಮಟ್ಟದ ತಂತ್ರಾಂಶಗಳು ಬ್ರೌಸರ್ ಮೂಲಕ ನಡೆಯುವಂತಹವು. ಅವುಗಳ ಡೇಟಾಬೇಸ್ ಸ್ಥಳೀಯ ಕಚೇರಿಯ ಗಣಕದಲ್ಲಿ ಇರುವುದಿಲ್ಲ. ಅವುಗಳಿಗೆ ಈ ಪಾಠ ಅನ್ವಯಿಸುವುದಿಲ್ಲ. ಟಪಾಲು ವಹಿ, ದಾಸ್ತಾನು ವಹಿ, ಗ್ರಂಥಾಲಯದ ಪುಸ್ತಕ ಪಟ್ಟಿ, ಹಾಜರಾತಿ ಮುಂತಾಗಿ ಕಚೇರಿಯೊಳಗಿನ ಒಂದು ಗಣಕದಲ್ಲಿ ಡೇಟಾಬೇಸ್ ಇಟ್ಟುಕೊಂಡು ಬೇರೆ ಗಣಕಗಳಿಂದ ಬಳಸುವ ವ್ಯವಸ್ಥೆಗೆ ಮಾತ್ರ ಇದು ಸಂಬಂಧಿಸಿದೆ. ಡೇಟಾಬೇಸ್ ಇರುವ ಗಣಕವನ್ನು ಇಲ್ಲಿ ‘ಆತಿಥೇಯ ಗಣಕ’ ಎಂದೂ, ಅದನ್ನು ಬಳಸುವ ಗಣಕಗಳನ್ನು ‘ಬಳಕೆದಾರ ಗಣಕ’ ಎಂದೂ ಕರೆಯಲಾಗಿದೆ.

2. ತಿಳಿದಿರಬೇಕಾದ ಐದು ವಿವರಗಳು

ಅಂಚೆಯ ಪತ್ರವೊಂದು ಸರಿಯಾದ ವ್ಯಕ್ತಿಯ ಕೈ ಸೇರಲು ಊರು, ಬೀದಿ, ಮನೆ ಸಂಖ್ಯೆ, ಹೆಸರು ಎಲ್ಲವೂ ಬೇಕಾಗುವಂತೆ, ಡೇಟಾಬೇಸ್ ಸಂಪರ್ಕಕ್ಕೂ ಐದು ವಿವರಗಳು ಬೇಕು.

ಅ) ಆತಿಥೇಯ ಗಣಕದ ಐಪಿ ವಿಳಾಸ ಅಥವಾ ಜಾಲದಲ್ಲಿ ಅದಕ್ಕಿರುವ ಹೆಸರು.
ಆ) ಪೋರ್ಟ್ ಸಂಖ್ಯೆ. ಒಂದೇ ಗಣಕದಲ್ಲಿ ಹಲವು ಸೇವೆಗಳು ನಡೆಯುತ್ತಿರುವುದರಿಂದ ಯಾವ ಸೇವೆಯ ಬಾಗಿಲನ್ನು ತಟ್ಟಬೇಕೆಂಬುದನ್ನು ಇದು ತಿಳಿಸುತ್ತದೆ.
ಇ) ಡೇಟಾಬೇಸ್‌ನ ಹೆಸರು.
ಈ) ಬಳಕೆದಾರರ ಹೆಸರು.
ಉ) ಪಾಸ್‌ವರ್ಡ್.

ಇವುಗಳಲ್ಲಿ ಮೊದಲ ಎರಡು ಜಾಲಕ್ಕೆ ಸೇರಿದವು. ಉಳಿದ ಮೂರು ಡೇಟಾಬೇಸ್‌ಗೆ ಸೇರಿದವು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ದೋಷವನ್ನು ಹುಡುಕುವ ಕೆಲಸ ಅರ್ಧದಷ್ಟು ಹಗುರವಾಗುತ್ತದೆ.

ಪೋರ್ಟ್ ಸಂಖ್ಯೆಗಳ ವಿಷಯದಲ್ಲಿ ರೂಢಿಯಿದೆ. ಬೇರೆ ಸಂಖ್ಯೆಯನ್ನು ಯಾರೂ ನಿಗದಿಪಡಿಸದಿದ್ದಲ್ಲಿ ಮೈಎಸ್‌ಕ್ಯೂಎಲ್ ಹಾಗೂ ಮರಿಯಾಡಿಬಿ 3306ರಲ್ಲಿ, ಪೋಸ್ಟ್‌ಗ್ರೆಸ್‌ಕ್ಯೂಎಲ್ 5432ರಲ್ಲಿ, ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ 1433ರಲ್ಲಿ, ಒರಾಕಲ್ 1521ರಲ್ಲಿ ಸಂಪರ್ಕವನ್ನು ನಿರೀಕ್ಷಿಸುತ್ತವೆ.

3. ಆತಿಥೇಯ ಗಣಕದ ವಿಳಾಸ ಕಂಡುಕೊಳ್ಳುವುದು

ಈ ಹಂತವನ್ನು ಆತಿಥೇಯ ಗಣಕದ ಮುಂದೆಯೇ ಕುಳಿತು ಮಾಡಬೇಕು. ವಿಂಡೋಸ್‌ನಲ್ಲಿ ‘ಕಮಾಂಡ್ ಪ್ರಾಂಪ್ಟ್’ ತೆರೆದು, ‘ಐಪಿಕಾನ್ಫಿಗ್’ ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಅಂತರವಿಲ್ಲದೆ ಟೈಪ್ ಮಾಡಿ ಎಂಟರ್ ಒತ್ತಬೇಕು. ಪರದೆಯ ಮೇಲೆ ಬರುವ ಪಟ್ಟಿಯಲ್ಲಿ ಮೂರು ಸಾಲುಗಳು ಮುಖ್ಯ: ‘ಐಪಿವಿ4 ಅಡ್ರೆಸ್’, ‘ಸಬ್‌ನೆಟ್ ಮಾಸ್ಕ್’ ಮತ್ತು ‘ಡೀಫಾಲ್ಟ್ ಗೇಟ್‌ವೇ’. ಗಣಕದ ಹೆಸರು ಬೇಕಾದಲ್ಲಿ ‘ಹೋಸ್ಟ್‌ನೇಮ್’ ಎಂಬ ಆದೇಶವನ್ನು ನೀಡಬೇಕು.

ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ವಿಳಾಸಗಳು ಕಾಣಿಸುವುದುಂಟು. ತಂತಿಯ ಸಂಪರ್ಕಕ್ಕೆ ಒಂದು, ವೈಫೈಗೆ ಒಂದು, ಕೆಲವು ತಂತ್ರಾಂಶಗಳು ಸೃಷ್ಟಿಸುವ ಕಾಲ್ಪನಿಕ ಜಾಲಕ್ಕೆ ಮತ್ತೊಂದು ಹೀಗೆ. ಸಾಮಾನ್ಯವಾಗಿ ಯಾವ ವಿಳಾಸದ ಕೆಳಗೆ ಡೀಫಾಲ್ಟ್ ಗೇಟ್‌ವೇ ತುಂಬಿದೆಯೋ ಅದೇ ಕಚೇರಿಯ ಜಾಲಕ್ಕೆ ಸೇರಿದುದು.

ವಿಳಾಸವನ್ನು ನೋಡಿದ ಕೂಡಲೇ ಅದರ ಸ್ವರೂಪವನ್ನು ಗುರುತಿಸಲು ಬರಬೇಕು.

- 10ರಿಂದ ಆರಂಭವಾಗುವ, 172.16ರಿಂದ 172.31ರವರೆಗಿನ, ಹಾಗೂ 192.168ರಿಂದ ಆರಂಭವಾಗುವ ವಿಳಾಸಗಳು ಖಾಸಗಿ ಜಾಲಗಳಿಗೆಂದು 1996ರ ಅಂತರ್ಜಾಲ ಮಾನದಂಡದಲ್ಲಿ ಮೀಸಲಾದವು. ಕಚೇರಿಯೊಳಗಿನ ಗಣಕಕ್ಕೆ ಇವುಗಳಲ್ಲೊಂದು ಇರುವುದು ಸಹಜ.
- 127.0.0.1 ಎಂಬುದು ಪ್ರತಿಯೊಂದು ಗಣಕವೂ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. ‘ಲೋಕಲ್‌ಹೋಸ್ಟ್’ ಎಂದರೂ ಅದೇ. ಬಳಕೆದಾರ ಗಣಕದಲ್ಲಿ ಇದನ್ನು ನಮೂದಿಸಿದರೆ ಅದು ಆತಿಥೇಯ ಗಣಕವನ್ನು ಹುಡುಕುವ ಬದಲು ತನ್ನೊಳಗೇ ಹುಡುಕುತ್ತದೆ. ಆತಿಥೇಯ ಗಣಕದಲ್ಲಿ ಸರಿಯಾಗಿ ನಡೆಯುವ ತಂತ್ರಾಂಶ ಬೇರೆಡೆ ನಡೆಯದಿರಲು ಇದು ಬಹಳ ಸಾಮಾನ್ಯವಾದ ಕಾರಣ.
- 169.254ರಿಂದ ಆರಂಭವಾಗುವ ವಿಳಾಸ ಕಂಡುಬಂದರೆ, ಗಣಕಕ್ಕೆ ರೌಟರ್‌ನಿಂದ ವಿಳಾಸ ದೊರೆಯದೆ ಅದು ತಾನೇ ಒಂದನ್ನು ಕಲ್ಪಿಸಿಕೊಂಡಿದೆ ಎಂದರ್ಥ. ಮೊದಲು ತಂತಿಯನ್ನೂ ಸ್ವಿಚ್‌ ಅನ್ನೂ ಪರಿಶೀಲಿಸಬೇಕು.

ಬಳಿಕ ಬಳಕೆದಾರ ಗಣಕದಲ್ಲಿಯೂ ಇದೇ ಆದೇಶವನ್ನು ನೀಡಿ ಎರಡನ್ನೂ ಹೋಲಿಸಬೇಕು. ಎರಡರ ಸಬ್‌ನೆಟ್ ಮಾಸ್ಕ್ 255.255.255.0 ಆಗಿದ್ದು, ವಿಳಾಸದ ಮೊದಲ ಮೂರು ಭಾಗಗಳು ಒಂದೇ ಆಗಿದ್ದರೆ ಎರಡೂ ಒಂದೇ ಜಾಲದಲ್ಲಿವೆ. ಒಂದು 192.168.1.20, ಇನ್ನೊಂದು 192.168.0.35 ಎಂದಿದ್ದರೆ ಅವು ಬೇರೆ ಬೇರೆ ಜಾಲದಲ್ಲಿವೆ. ಒಂದು ಶಾಖೆಯಲ್ಲಿ ಹೊಸ ವೈಫೈ ರೌಟರ್ ಅಳವಡಿಸಿದ ಮೇಲೆ ಇಂತಹ ವ್ಯತ್ಯಾಸ ತಲೆದೋರುವುದುಂಟು.

4. ಡೇಟಾಬೇಸ್ ಯಾವ ಪೋರ್ಟ್‌ನಲ್ಲಿ, ಯಾರಿಗಾಗಿ ಕಾಯುತ್ತಿದೆ?

ಆತಿಥೇಯ ಗಣಕದಲ್ಲಿ ‘ನೆಟ್‌ಸ್ಟಾಟ್’ ಎಂಬ ಆದೇಶದ ಮುಂದೆ ಒಂದು ಅಂತರ ಬಿಟ್ಟು, ಕಿರುಗೆರೆಯೊಂದಿಗೆ ಎ, ಎನ್, ಒ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಸೇರಿಸಿ ಟೈಪ್ ಮಾಡಬೇಕು. ಬರುವ ಪಟ್ಟಿಯಲ್ಲಿ ‘ಲಿಸನಿಂಗ್’ ಎಂದಿರುವ ಸಾಲುಗಳನ್ನು ಮಾತ್ರ ಗಮನಿಸಿದರೆ ಸಾಕು. ಕೊನೆಯ ಅಂಕಣದ ಸಂಖ್ಯೆಯನ್ನು ಟಾಸ್ಕ್ ಮ್ಯಾನೇಜರ್‌ನ ವಿವರ ಪುಟದಲ್ಲಿ ಹುಡುಕಿದರೆ ಆ ಸಾಲು ಯಾವ ತಂತ್ರಾಂಶಕ್ಕೆ ಸೇರಿದ್ದೆಂದು ತಿಳಿಯುತ್ತದೆ.

ಪೋರ್ಟ್‌ನ ಜೊತೆಯಲ್ಲಿರುವ ವಿಳಾಸ ಇಲ್ಲಿ ಬಹು ಮುಖ್ಯ. 0.0.0.0:3306 ಎಂದಿದ್ದರೆ ಡೇಟಾಬೇಸ್ ಎಲ್ಲ ದಿಕ್ಕುಗಳಿಂದ ಬರುವ ಕರೆಗೂ ಕಿವಿಗೊಟ್ಟಿದೆ. 127.0.0.1:3306 ಎಂದಿದ್ದರೆ ಅದು ತನ್ನ ಗಣಕದೊಳಗಿನ ಕರೆಗೆ ಮಾತ್ರ ಓಗೊಡುತ್ತದೆ. ಜಾಲದಿಂದ ಬಂದವರಿಗೆ ಆ ಬಾಗಿಲು ಇಲ್ಲವೇ ಇಲ್ಲ. ಸಾಲೇ ಕಾಣದಿದ್ದರೆ ಡೇಟಾಬೇಸ್ ಸೇವೆ ಆರಂಭವಾಗಿಲ್ಲ, ಅಥವಾ ಬೇರೆ ಪೋರ್ಟ್‌ನಲ್ಲಿದೆ, ಅಥವಾ ಜಾಲ ಸಂಪರ್ಕಕ್ಕೆ ಅನುಮತಿಯೇ ಇಲ್ಲ.

ಪ್ರತಿಯೊಂದು ಡೇಟಾಬೇಸ್‌ನಲ್ಲಿಯೂ ಈ ಅನುಮತಿ ಬೇರೆ ಬೇರೆ ಸ್ಥಳದಲ್ಲಿದೆ.

- ಮೈಎಸ್‌ಕ್ಯೂಎಲ್, ಮರಿಯಾಡಿಬಿ: ಸಂರಚನಾ ಕಡತದ ‘ಬೈಂಡ್-ಅಡ್ರೆಸ್’ ಎಂಬ ಸಾಲಿನಲ್ಲಿ. ಇವುಗಳಲ್ಲಿ ಬಳಕೆದಾರರ ಗುರುತು ಹೆಸರಿನೊಂದಿಗೆ ಅವರು ಯಾವ ಗಣಕದಿಂದ ಬರುತ್ತಾರೆಂಬುದನ್ನೂ ಒಳಗೊಂಡಿರುತ್ತದೆ. ಲೋಕಲ್‌ಹೋಸ್ಟ್‌ಗೆಂದು ಮಾತ್ರ ಸೃಷ್ಟಿಸಿದ ಖಾತೆಯಿಂದ ಬೇರೆ ಗಣಕದ ಮೂಲಕ ಪ್ರವೇಶ ಸಿಗುವುದಿಲ್ಲ.
- ಪೋಸ್ಟ್‌ಗ್ರೆಸ್‌ಕ್ಯೂಎಲ್: ‘ಲಿಸನ್ ಅಡ್ರೆಸಸ್’ ಎಂಬ ಸಾಲಿನಲ್ಲಿ, ಮೂಲತಃ ಇದು ಲೋಕಲ್‌ಹೋಸ್ಟ್‌ಗೆ ಸೀಮಿತ. ಇದರ ಜೊತೆಗೆ ಯಾವ ವಿಳಾಸದಿಂದ ಯಾರು ಬರಬಹುದೆಂಬ ಅನುಮತಿ ಪಟ್ಟಿ ಬೇರೊಂದು ಕಡತದಲ್ಲಿರುತ್ತದೆ. ಎರಡೂ ಸರಿಯಿರಬೇಕು.
- ಎಸ್‌ಕ್ಯೂಎಲ್ ಸರ್ವರ್: ಇದರ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಟಿಸಿಪಿ/ಐಪಿ ಸಂಪರ್ಕ ಮೂಲತಃ ಮುಚ್ಚಿರುತ್ತದೆ. ‘ಕಾನ್ಫಿಗರೇಷನ್ ಮ್ಯಾನೇಜರ್’ನಲ್ಲಿ ಅದನ್ನು ತೆರೆದು ಸೇವೆಯನ್ನು ಮರುಚಾಲನೆ ಮಾಡಬೇಕು. ಹೆಸರಿರುವ ಇನ್‌ಸ್ಟೆನ್ಸ್‌ಗಳು ಪ್ರತಿ ಚಾಲನೆಯಲ್ಲಿ ಪೋರ್ಟ್ ಬದಲಿಸಬಹುದಾದುದರಿಂದ ಅಲ್ಲಿಯೇ ಒಂದು ಸ್ಥಿರ ಪೋರ್ಟ್ ನಮೂದಿಸುವುದು ಒಳಿತು.

ಯಾವುದೇ ಸಂರಚನಾ ಕಡತವನ್ನು ತಿದ್ದುವ ಮೊದಲು ಅದರ ಪ್ರತಿಯೊಂದನ್ನು ತೆಗೆದಿಡತಕ್ಕದ್ದು.

5. ಬಳಕೆದಾರ ಗಣಕದಿಂದ ಪರೀಕ್ಷೆ

ಎರಡು ಪರೀಕ್ಷೆಗಳಿವೆ. ಮೊದಲನೆಯದು ‘ಪಿಂಗ್’ ಎಂಬ ಆದೇಶದ ಮುಂದೆ ಆತಿಥೇಯ ಗಣಕದ ವಿಳಾಸ ಬರೆಯುವುದು. ಉತ್ತರ ಬಂದರೆ ದಾರಿ ತೆರೆದಿದೆ. ಉತ್ತರ ಬಾರದಿದ್ದರೆ ದಾರಿ ಮುಚ್ಚಿದೆಯೆಂದು ತೀರ್ಮಾನಿಸಲಾಗದು. ಫೈರ್‌ವಾಲ್ ಪಿಂಗ್‌ಗೆ ಮಾತ್ರ ತಡೆಯೊಡ್ಡಿರಬಹುದು.

ನಿರ್ಣಾಯಕವಾದುದು ಎರಡನೆಯ ಪರೀಕ್ಷೆ. ವಿಂಡೋಸ್‌ನ ‘ಪವರ್‌ಶೆಲ್’ ತೆರೆದು, ‘ಟೆಸ್ಟ್-ನೆಟ್‌ಕನೆಕ್ಷನ್’ ಎಂಬ ಆದೇಶ, ಅಂತರ, ಆತಿಥೇಯ ಗಣಕದ ವಿಳಾಸ, ಅಂತರ, ಕಿರುಗೆರೆಯೊಂದಿಗೆ ‘ಪೋರ್ಟ್’ ಎಂಬ ಪದ, ಅಂತರ, ಪೋರ್ಟ್ ಸಂಖ್ಯೆ ಎಂಬ ಕ್ರಮದಲ್ಲಿ ಟೈಪ್ ಮಾಡಬೇಕು. ಕೊನೆಯ ಸಾಲಿನಲ್ಲಿ ‘ಟ್ರೂ’ ಎಂದು ಬಂದರೆ ಜಾಲ, ಪೋರ್ಟ್, ಫೈರ್‌ವಾಲ್ ಮೂರೂ ಸರಿಯಿವೆ. ‘ಫಾಲ್ಸ್’ ಎಂದು ಬಂದರೆ ಪಾಸ್‌ವರ್ಡ್ ಬದಲಿಸುವುದರಿಂದಾಗಲಿ ತಂತ್ರಾಂಶವನ್ನು ಮತ್ತೆ ಅಳವಡಿಸುವುದರಿಂದಾಗಲಿ ಪ್ರಯೋಜನವಿಲ್ಲ.

6. ದೋಷ ಸಂದೇಶವನ್ನು ಓದುವ ಬಗೆ

ಪರದೆಯ ಸಂದೇಶವನ್ನು ಓದದೆಯೇ ಮುಚ್ಚುವ ಅಭ್ಯಾಸವನ್ನು ಬಿಡಬೇಕು. ದೋಷ ಯಾವ ಹಂತದಲ್ಲಿದೆಯೆಂಬುದನ್ನು ಆ ಸಂದೇಶವೇ ಹೇಳುತ್ತದೆ.

- ಬಹಳ ಹೊತ್ತು ಕಾದು ‘ಟೈಮ್ಡ್ ಔಟ್’ ಎಂದು ಬಂದರೆ: ವಿಳಾಸ ತಪ್ಪಿದೆ, ಆತಿಥೇಯ ಗಣಕ ಆರಿದೆ, ಇಲ್ಲವೇ ಫೈರ್‌ವಾಲ್ ತಡೆದಿದೆ.
- ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಬಂದರೆ: ಗಣಕ ಸಿಕ್ಕಿದೆ, ಆದರೆ ಸಾಮಾನ್ಯವಾಗಿ ಆ ಪೋರ್ಟ್‌ನಲ್ಲಿ ಯಾರೂ ಕಾಯುತ್ತಿಲ್ಲ. ಸೇವೆ ನಡೆಯುತ್ತಿದೆಯೇ, ಪೋರ್ಟ್ ಸರಿಯೇ ಎಂದು ನೋಡಬೇಕು.
- ಮೈಎಸ್‌ಕ್ಯೂಎಲ್‌ನ 1130ನೇ ದೋಷ ಬಂದರೆ: ಜಾಲ ಸರಿಯಿದೆ, ಆ ಗಣಕದಿಂದ ಬರಲು ಅನುಮತಿಯಿಲ್ಲ.
- ಮೈಎಸ್‌ಕ್ಯೂಎಲ್‌ನ 1045 ಅಥವಾ ಎಸ್‌ಕ್ಯೂಎಲ್ ಸರ್ವರ್‌ನ 18456 ಬಂದರೆ: ಜಾಲದಲ್ಲಿ ದೋಷವಿಲ್ಲ, ಬಳಕೆದಾರರ ಹೆಸರು, ಪಾಸ್‌ವರ್ಡ್ ಅಥವಾ ಖಾತೆಯ ಅನುಮತಿಯನ್ನು ಪರಿಶೀಲಿಸಬೇಕು.

ವಿವರಗಳನ್ನು ಬರೆದಿಟ್ಟವರು ವರ್ಗಾವಣೆಯಾಗಿ ಹೋಗಿದ್ದು, ಒಂದು ಬಳಕೆದಾರ ಗಣಕವಾದರೂ ಕೆಲಸ ಮಾಡುತ್ತಿದ್ದರೆ, ಅದರಿಂದಲೇ ವಿವರ ಪಡೆಯಬಹುದು. ಅನೇಕ ತಂತ್ರಾಂಶಗಳು ವಿಂಡೋಸ್‌ನ ‘ಒಡಿಬಿಸಿ ಡೇಟಾ ಸೋರ್ಸಸ್’ ಎಂಬಲ್ಲಿ ಆತಿಥೇಯ ಗಣಕದ ಹೆಸರನ್ನೂ ಡೇಟಾಬೇಸ್‌ನ ಹೆಸರನ್ನೂ ಇಟ್ಟುಕೊಂಡಿರುತ್ತವೆ. ಇದರಲ್ಲಿ 32 ಬಿಟ್ ಮತ್ತು 64 ಬಿಟ್ ಎಂಬ ಎರಡು ಪ್ರತ್ಯೇಕ ಪುಟಗಳಿವೆ. ಒಂದರಲ್ಲಿ ಕಾಣದಿದ್ದರೆ ಇನ್ನೊಂದರಲ್ಲಿ ನೋಡಬೇಕು.

7. ಫೈರ್‌ವಾಲ್: ತೆರೆಯಬೇಕಾದಷ್ಟೇ ತೆರೆಯುವುದು

ಫೈರ್‌ವಾಲ್‌ ಅನ್ನು ಆರಿಸುವ ಅಗತ್ಯ ಎಂದಿಗೂ ಇಲ್ಲ. ಒಳಬರುವ ಸಂಪರ್ಕಗಳ ಪಟ್ಟಿಯಲ್ಲಿ ಒಂದು ಹೊಸ ನಿಯಮ ಸೇರಿಸಿ, ಟಿಸಿಪಿ ಆಯ್ದು, ಡೇಟಾಬೇಸ್‌ನ ಒಂದೇ ಪೋರ್ಟ್ ಸಂಖ್ಯೆಯನ್ನು ನೀಡಬೇಕು. ನಿಯಮದ ವ್ಯಾಪ್ತಿಯಲ್ಲಿ ಕಚೇರಿಯ ಬಳಕೆದಾರ ಗಣಕಗಳ ವಿಳಾಸಗಳನ್ನು ಮಾತ್ರ ನಮೂದಿಸಬೇಕು. ಕಚೇರಿಯ ಜಾಲವನ್ನು ವಿಂಡೋಸ್ ‘ಪಬ್ಲಿಕ್’ ಎಂದು ಗುರುತಿಸಿಕೊಂಡಿದ್ದು, ನಿಯಮವನ್ನು ‘ಪ್ರೈವೇಟ್’ಗೆ ಮಾತ್ರ ಬರೆದಿದ್ದರೆ ಆ ನಿಯಮ ಜಾರಿಗೆ ಬರುವುದಿಲ್ಲ, ಇದನ್ನೂ ಪರಿಶೀಲಿಸಬೇಕು.

ಮನೆಯಿಂದಲೂ ಕೆಲಸ ಮಾಡಲು ಅನುಕೂಲವಾಗಲೆಂದು ರೌಟರ್‌ನಲ್ಲಿ ಡೇಟಾಬೇಸ್‌ನ ಪೋರ್ಟ್‌ ಅನ್ನು ಅಂತರ್ಜಾಲಕ್ಕೆ ತೆರೆದಿಡುವುದು ಅತ್ಯಂತ ಅಪಾಯಕಾರಿ. 2003ರ ಜನವರಿ 25ರಂದು ‘ಸ್ಲ್ಯಾಮರ್’ ಎಂಬ ಹುಳು ತಂತ್ರಾಂಶ ಎಸ್‌ಕ್ಯೂಎಲ್ ಸರ್ವರ್‌ಗೆ ಸಂಬಂಧಿಸಿದ ಯುಡಿಪಿ 1434ನೇ ಪೋರ್ಟ್‌ನ ಮೂಲಕ ನುಗ್ಗಿ, ಕೆಲವೇ ನಿಮಿಷಗಳಲ್ಲಿ ಜಗತ್ತಿನಾದ್ಯಂತ ಹತ್ತಾರು ಸಾವಿರ ಗಣಕಗಳಿಗೆ ಹರಡಿತು. ಅದರ ಗಾತ್ರ ಕೇವಲ 376 ಬೈಟ್‌ಗಳು. ಆ ದೋಷವನ್ನು ಮುಚ್ಚುವ ತಿದ್ದುಪಡಿ 2002ರ ಜುಲೈನಲ್ಲಿಯೇ ಬಿಡುಗಡೆಯಾಗಿತ್ತು. ಆರು ತಿಂಗಳಾದರೂ ಅದನ್ನು ಅಳವಡಿಸಿಕೊಳ್ಳದ ಹಾಗೂ ಪೋರ್ಟ್ ತೆರೆದಿಟ್ಟ ಗಣಕಗಳು ತುತ್ತಾದವು. ಕಚೇರಿಯ ಡೇಟಾಬೇಸ್‌ನಲ್ಲಿ ಇರುವುದು ಸಾರ್ವಜನಿಕರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಮತ್ತು ಅವರ ಅಹವಾಲು. ಅವು ಕಚೇರಿಯನ್ನು ನಂಬಿ ಜನರು ಒಪ್ಪಿಸಿದ ವಿವರಗಳು.

ಅದೇ ಕಾರಣಕ್ಕೆ, ದಿನನಿತ್ಯದ ಕೆಲಸಕ್ಕೆ ಡೇಟಾಬೇಸ್‌ನ ಸರ್ವಾಧಿಕಾರವುಳ್ಳ ಖಾತೆಯನ್ನು ಬಳಸಬಾರದು. ಆಯಾ ತಂತ್ರಾಂಶಕ್ಕೆ ಬೇಕಾದಷ್ಟೇ ಅಧಿಕಾರವಿರುವ ಪ್ರತ್ಯೇಕ ಖಾತೆಯನ್ನು ಸೃಷ್ಟಿಸಬೇಕು. ಪಾಸ್‌ವರ್ಡ್‌ ಅನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸತಕ್ಕದ್ದಲ್ಲ.

8. ವಿಳಾಸ ಮತ್ತೆ ಬದಲಾಗದಂತೆ ನೋಡಿಕೊಳ್ಳುವುದು

ಪೀಠಿಕೆಯ ಉದಾಹರಣೆಗೆ ಈಗ ಮರಳಬಹುದು. ಆತಿಥೇಯ ಗಣಕದಲ್ಲಿ ಐಪಿಕಾನ್ಫಿಗ್ ಆದೇಶ ನೀಡಿದಾಗ 192.168.1.17 ಎಂಬ ವಿಳಾಸ ಕಾಣಿಸುತ್ತದೆ. ಬಳಕೆದಾರ ಗಣಕಗಳ ಸಂರಚನೆಯಲ್ಲಿ ಇರುವುದು 192.168.1.12. ವಿದ್ಯುತ್ ಮರಳಿದಾಗ ರೌಟರ್ ಗಣಕಗಳಿಗೆ ವಿಳಾಸಗಳನ್ನು ಹೊಸದಾಗಿ ಹಂಚಿದೆ. ಹಳೆಯ ವಿಳಾಸ ಈಗ ಮುದ್ರಣಯಂತ್ರದ ಪಾಲಾಗಿದೆ. ನಾಲ್ಕು ಗಣಕಗಳೂ ಇಷ್ಟು ಹೊತ್ತು ಮುದ್ರಣಯಂತ್ರದ ಬಳಿ ಟಪಾಲು ವಹಿಯನ್ನು ಕೇಳುತ್ತಿದ್ದವು. ಡೇಟಾಬೇಸ್ ಕೆಟ್ಟಿರಲಿಲ್ಲ, ಒಂದು ದಾಖಲೆಯೂ ನಷ್ಟವಾಗಿರಲಿಲ್ಲ.

ನಾಲ್ಕೂ ಗಣಕಗಳಲ್ಲಿ ವಿಳಾಸ ತಿದ್ದಿದರೆ ಅಂದಿನ ಕೆಲಸ ಸಾಗುತ್ತದೆ. ಆದರೆ ಮುಂದಿನ ವಿದ್ಯುತ್ ನಿಲುಗಡೆಯ ನಂತರ ಅದೇ ತೊಂದರೆ ಮರುಕಳಿಸಬಹುದು. ಶಾಶ್ವತ ಪರಿಹಾರ ರೌಟರ್‌ನಲ್ಲಿದೆ: ಆತಿಥೇಯ ಗಣಕದ ಭೌತಿಕ ವಿಳಾಸಕ್ಕೆ ಒಂದು ಐಪಿ ವಿಳಾಸವನ್ನು ಕಾಯ್ದಿರಿಸುವುದು. ಭೌತಿಕ ವಿಳಾಸವು ಐಪಿಕಾನ್ಫಿಗ್ ಆದೇಶದ ಮುಂದೆ ಅಂತರ ಬಿಟ್ಟು ಓರೆಗೆರೆಯೊಂದಿಗೆ ‘ಆಲ್’ ಎಂದು ಸೇರಿಸಿದಾಗ ‘ಫಿಸಿಕಲ್ ಅಡ್ರೆಸ್’ ಎಂಬ ಸಾಲಿನಲ್ಲಿ ದೊರೆಯುತ್ತದೆ. ಗಣಕದಲ್ಲಿಯೇ ಸ್ಥಿರ ವಿಳಾಸ ನಮೂದಿಸುವುದಾದರೆ, ರೌಟರ್ ತಾನಾಗಿ ಹಂಚುವ ವಿಳಾಸಗಳ ವ್ಯಾಪ್ತಿಯ ಹೊರಗಿನದನ್ನು ಆರಿಸಬೇಕು. ಇಲ್ಲವಾದರೆ ಒಂದೇ ವಿಳಾಸ ಇಬ್ಬರಿಗೆ ಹೋಗಿ ಹೊಸ ತೊಡಕು ಹುಟ್ಟುತ್ತದೆ. ರಾಜ್ಯದ ಜಾಲಕ್ಕೆ ಸೇರಿದ ಗಣಕಗಳ ವಿಳಾಸವನ್ನು ಮಾತ್ರ ಸಂಬಂಧಪಟ್ಟ ಜಾಲ ನಿರ್ವಾಹಕರ ಒಪ್ಪಿಗೆಯಿಲ್ಲದೆ ಬದಲಿಸತಕ್ಕದ್ದಲ್ಲ.

9. ಜಾಲ ವಿವರ ಪತ್ರ

ಪ್ರತಿ ಶಾಖೆಯಲ್ಲಿಯೂ ಈ ಕೆಳಗಿನ ವಿವರಗಳುಳ್ಳ ಒಂದು ಹಾಳೆಯನ್ನು ಸಿದ್ಧಪಡಿಸಿ ಶಾಖಾ ಮುಖ್ಯಸ್ಥರ ವಶದಲ್ಲಿಡುವುದು ಸೂಕ್ತ.

1) ಆತಿಥೇಯ ಗಣಕ ಇರುವ ಕೊಠಡಿ ಮತ್ತು ಗಣಕದ ಹೆಸರು
2) ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ
3) ವಿಳಾಸ ಸ್ಥಿರವೋ, ಕಾಯ್ದಿರಿಸಿದ್ದೋ
4) ಡೇಟಾಬೇಸ್‌ನ ಬಗೆ, ಆವೃತ್ತಿ, ಪೋರ್ಟ್ ಸಂಖ್ಯೆ
5) ಡೇಟಾಬೇಸ್‌ನ ಹೆಸರು ಮತ್ತು ಬಳಕೆಯ ಖಾತೆಯ ಹೆಸರು
6) ಫೈರ್‌ವಾಲ್ ನಿಯಮದ ಹೆಸರು ಹಾಗೂ ಅನುಮತಿ ಪಡೆದ ಗಣಕಗಳು
7) ಕೊನೆಯ ಬ್ಯಾಕಪ್‌ನ ದಿನಾಂಕ ಮತ್ತು ಅದನ್ನು ಇಟ್ಟಿರುವ ಸ್ಥಳ
8) ವಿವರ ತಿದ್ದಿದ ದಿನಾಂಕ, ತಿದ್ದಿದವರ ಸಹಿ

ಪಾಸ್‌ವರ್ಡ್‌ ಅನ್ನು ಈ ಹಾಳೆಯಲ್ಲಿ ಬರೆಯದೆ, ಮೊಹರು ಮಾಡಿದ ಲಕೋಟೆಯಲ್ಲಿ ಪ್ರತ್ಯೇಕವಾಗಿ ಇಡಬೇಕು. ವರ್ಗಾವಣೆಯ ಸಂದರ್ಭದಲ್ಲಿ ಪ್ರಭಾರ ವಹಿಸಿಕೊಡುವಾಗ ಬೀಗದ ಕೈ ಮತ್ತು ಕಡತಗಳ ಪಟ್ಟಿಯೊಂದಿಗೆ ಈ ಹಾಳೆಯೂ ಲಕೋಟೆಯೂ ಹಸ್ತಾಂತರವಾಗಬೇಕು. ಆ ಬಳಿಕ ಪಾಸ್‌ವರ್ಡ್ ಬದಲಿಸಬೇಕು.

ಅಭ್ಯಾಸ

1) ಆತಿಥೇಯ ಗಣಕದಲ್ಲಿ ತಂತ್ರಾಂಶ ನಡೆಯುತ್ತದೆ, ಬೇರೆಲ್ಲೂ ನಡೆಯುವುದಿಲ್ಲ. ನೆಟ್‌ಸ್ಟಾಟ್ ಪಟ್ಟಿಯಲ್ಲಿ 127.0.0.1:5432 ಎಂದಿದೆ. ದೋಷ ಎಲ್ಲಿದೆ?
2) ಪಿಂಗ್‌ಗೆ ಉತ್ತರವಿಲ್ಲ; ಪೋರ್ಟ್ ಪರೀಕ್ಷೆಯಲ್ಲಿ ‘ಟ್ರೂ’ ಎಂದು ಬಂದಿದೆ. ಡೇಟಾಬೇಸ್ ಸಂಪರ್ಕ ಸಾಧ್ಯವೇ?
3) ಒಂದು ಗಣಕಕ್ಕೆ 169.254.10.8 ಎಂಬ ವಿಳಾಸ ಬಂದಿದೆ. ಮೊದಲು ಏನನ್ನು ಪರಿಶೀಲಿಸಬೇಕು?
4) 18456ನೇ ದೋಷ ಬಂದಾಗ ಫೈರ್‌ವಾಲ್ ಆರಿಸುವುದರಿಂದ ಪ್ರಯೋಜನವುಂಟೇ?

ಉತ್ತರಗಳು: 1) ಡೇಟಾಬೇಸ್ ತನ್ನ ಗಣಕದ ಕರೆಗೆ ಮಾತ್ರ ಓಗೊಡುತ್ತಿದೆ, ‘ಲಿಸನ್ ಅಡ್ರೆಸಸ್’ ಸಾಲನ್ನೂ ಅನುಮತಿ ಪಟ್ಟಿಯನ್ನೂ ತಿದ್ದಿ, ಸೇವೆಯನ್ನು ಮರುಚಾಲನೆ ಮಾಡಬೇಕು. 2) ಜಾಲದ ಮಟ್ಟಿಗೆ ಸಾಧ್ಯ, ಪಿಂಗ್‌ಗೆ ಮಾತ್ರ ತಡೆಯಿದೆ. 3) ತಂತಿ, ಸ್ವಿಚ್ ಮತ್ತು ರೌಟರ್. 4) ಇಲ್ಲ, ದೋಷ ಖಾತೆ ಅಥವಾ ಪಾಸ್‌ವರ್ಡ್‌ನಲ್ಲಿದೆ.

ಪ್ರತಿ ಶಾಖೆಯೂ ಸಂಪರ್ಕ ಸರಿಯಿರುವ ದಿನವೇ ಈ ಪಾಠದ 3ರಿಂದ 5ರವರೆಗಿನ ಹಂತಗಳನ್ನು ಒಮ್ಮೆ ನಡೆಸಿ ವಿವರ ಪತ್ರವನ್ನು ತುಂಬಿಟ್ಟುಕೊಳ್ಳುವುದು ಅಪೇಕ್ಷಣೀಯ. ಸಂಪರ್ಕ ತಪ್ಪಿದ ದಿನ, ಕಿಟಕಿಯ ಮುಂದೆ ನಿಂತವರಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದು ಹೇಳುವ ಮೊದಲು ತೆರೆದು ನೋಡಬೇಕಾದುದು ಆ ಒಂದು ಹಾಳೆ.